ಪದಚರ್ಚೆ: ಯೊಪ್ಪದ ಸೀಮೋನನ ಕಸುಬಿಗೆ ಕನ್ನಡದಲ್ಲಿ ಏನು ಹೆಸರು?

ಸಂಡೇ ಸ್ಕೂಲಿನ ಮಕ್ಕಳಿಗಾಗಿ ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 9 ಮತ್ತು 10ನೆಯ ಅಧ್ಯಾಯಗಳ ಪಾಠ ಸಿದ್ಧಪಡಿಸುತ್ತಿದ್ದೇನೆ. ಯೇಸುವಿನ ಶಿಷ್ಯನಾದ ಪೇತ್ರನು ಕಡಲತೀರದ ಊರಾದ ಯೊಪ್ಪದಲ್ಲಿ ಸೀಮೋನನೆಂಬವನ ಮನೆಯಲ್ಲಿ ಬಹಳ ದಿನ ತಂಗಿದ್ದನಷ್ಟೆ. ಆ ಸೀಮೋನನ ಕಸುಬನ್ನು ಹೇಳುವ ಗ್ರೀಕ್ ಪದ ‘ಬುರ್ಸಾ’, ಅಂದರೆ ತೊಗಲು, ಎಂಬುದರಿಂದ ಹುಟ್ಟಿದೆ. ಹಸಿ ತೊಗಲನ್ನು ಹದ ಮಾಡುವವನು ಎಂದು ಅರ್ಥ. ಇದನ್ನು ಒಂದೇ ಮಾತಿನಲ್ಲಿ ಹೇಳುವುದು ಹೇಗೆ?

‘ಚಮ್ಮಾರ’ ಎಂದರೆ ಮೆಟ್ಟು ಹೊಲಿಯುವವನು ಕಣ್ಣಮುಂದೆ ಬರುತ್ತಾನೆ. ‘ಚರ್ಮಕಾರ’ ಎಂಬುದು ಹೊಲಿಯುವವನಿಗೂ ಸಲ್ಲುತ್ತದೆ, ಹದ ಮಾಡುವವನಿಗೂ ಸಲ್ಲುತ್ತದೆ. ಉತ್ತರ ಕರ್ನಾಟಕದಲ್ಲಿ ಎರಡಕ್ಕೂ ಬೇರೆ ಹೆಸರುಗಳುಂಟು: ಹದ ಮಾಡುವವರು ಡೋಹರರು, ಮೆಟ್ಟು ಮಾಡುವವರು ಸಮಗಾರರು. 12ನೆಯ ಶತಮಾನದ ಶರಣರಾದ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರ ಹೆಸರುಗಳಲ್ಲೇ ಈ ಭೇದ ನಿಂತಿದೆ. ಆದರೆ ಅವು ಜಾತಿಯ ಹೆಸರುಗಳೂ ಹೌದು. ಯೊಪ್ಪದವನೊಬ್ಬನಿಗೆ ಅವನ್ನು ಅಂಟಿಸಲು ನನಗೆ ಮನಸ್ಸಿಲ್ಲ. ‘ಹದಗಾರ’ ಎನ್ನಬಹುದೇ? ಎಲ್ಲಾದರೂ ಬಳಕೆಯಲ್ಲಿದೆಯೇ?

ಇಲ್ಲಿ ಕಸುಬು ಸ್ಪಷ್ಟವಾಗದಿದ್ದರೆ ಕಥೆಯೇ ಸಪ್ಪೆಯಾಗುತ್ತದೆ. ಸತ್ತ ಪ್ರಾಣಿಯನ್ನು ಮುಟ್ಟಿದವನು ಸಾಯಂಕಾಲದವರೆಗೆ ಅಶುದ್ಧನು ಎನ್ನುತ್ತದೆ ಬೈಬಲಿನ ಯಾಜಕಕಾಂಡ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಯೆಹೂದ್ಯರ ಧರ್ಮನಿಯಮಗಳ ಗ್ರಂಥವಾದ ಮಿಶ್ನಾದ ಪ್ರಕಾರ ತೊಗಲು ಹದ ಮಾಡುವ ಜಾಗ ಊರಿನಿಂದ 50 ಮೊಳ ದೂರದಲ್ಲಿ, ಪೂರ್ವ ದಿಕ್ಕಿನಲ್ಲಿ ಮಾತ್ರ ಇರಬೇಕು. ಅಷ್ಟು ದುರ್ವಾಸನೆಯ ಕೆಲಸವದು. ಸಮುದ್ರದ ಬಳಿಯ ಅಂಥ ಮನೆಯ ಮಾಳಿಗೆಯ ಮೇಲೆಯೇ ಪೇತ್ರನಿಗೆ ‘ದೇವರು ಶುದ್ಧಮಾಡಿದ್ದನ್ನು ನೀನು ಅಶುದ್ಧವೆನ್ನಬೇಡ’ ಎಂಬ ದರ್ಶನವಾದದ್ದು!

ಕೆಲಸದ ಹಂತಗಳಿಗೂ ಪದಗಳು ಬೇಕಾಗಿವೆ. ಆ ಕಾಲದವರು ತೊಗಲನ್ನು ನೆನೆಹಾಕಿ, ಕೂದಲು, ಮಾಂಸ ಹೆರೆದು, ಸುಮಾಕ್ ಎಲೆ, ದಾಳಿಂಬೆ ಸಿಪ್ಪೆ ಮೊದಲಾದವುಗಳ ಒಗರು ನೀರಿನಲ್ಲಿ ಹದಕ್ಕೆ ತರುತ್ತಿದ್ದರು. ನಮ್ಮಲ್ಲಿ ತಂಗಡಿ ತೊಗಟೆ, ಅಳಲೆಕಾಯಿ. ಆ ಒಗರು ನೀರಿಗೆ ಏನೆನ್ನುತ್ತಾರೆ? ಕೂದಲು ತೆಗೆದರೂ ಇನ್ನೂ ಹದವಾಗದ ತೊಗಲಿಗೆ?

‘ಬುದ್ದಲಿ’, ಅಂದರೆ ತೊಗಲಿನ ಚೀಲ, ಎಂಬ ಪದವನ್ನು ಮಾತ್ರ ಬಿಟ್ಟುಕೊಡಲಾರೆ. ಹೊಸ ದ್ರಾಕ್ಷಾರಸವನ್ನು ಹಳೇ ಬುದ್ದಲಿಗಳಲ್ಲಿ ಹಾಕಬಾರದೆಂಬ ಮಾತಿನಲ್ಲಿ ಕನ್ನಡ ಬೈಬಲ್ ಈ ಪದವನ್ನು ಉಳಿಸಿಕೊಟ್ಟಿದೆ. ‘ಚೀಲ’ ಎಂದರೆ ಮಕ್ಕಳು ಬಟ್ಟೆಯದೆಂದುಕೊಳ್ಳುತ್ತಾರೆ. ರಸ ಹುಳಿತು ಉಬ್ಬಿದಾಗ ಹಿಗ್ಗಲಾರದ ಹಳೆಯ ತೊಗಲು ಬಿರಿಯುತ್ತದೆಂಬುದು ಹೊಳೆಯುವುದಿಲ್ಲ.

ಪಾಠದ ಕೊನೆಗೆ ಒಂದು ಕೈಕೆಲಸವಿದೆ. ದಪ್ಪ ಕಂದು ಕಾಗದವನ್ನು ತಟ್ಟೆಯಗಲ ದುಂಡಗೆ ಕತ್ತರಿಸಿ, ಆರಿದ ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ, ಹರಿಯದಂತೆ ಮುದುಡಿ ಬಿಡಿಸಿ ನೆರಳಲ್ಲಿ ಒಣಗಿಸುವುದು. ಆಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಮೆತ್ತಗಾಗುವವರೆಗೆ ಕೈಯಲ್ಲಿ ತಿಕ್ಕಿ, ಅಂಚಿನ ಸುತ್ತ ತೂತು ಮಾಡಿ ದಾರ ಪೋಣಿಸಿ ಎಳೆದರೆ ಪುಟ್ಟ ಸಂಚಿ. ಚಹಾದ ಒಗರೂ ತೊಗಟೆಯ ಒಗರೂ ಒಂದೇ ಬಗೆಯದೆಂದು ಮಕ್ಕಳಿಗೆ ಹೇಳಬಹುದು. ತೊಗಲನ್ನು ಹೀಗೆ ತಿಕ್ಕಿ ಮೆತ್ತಗೆ ಮಾಡುವುದಕ್ಕೂ ಕಸುಬಿನವರಲ್ಲಿ ಒಂದು ಕ್ರಿಯಾಪದ ಇರಲೇಬೇಕು. ಮನೆಯಲ್ಲಿ, ಕೇರಿಯಲ್ಲಿ ಈ ಕೆಲಸವನ್ನು ಕಂಡವರು ಅಲ್ಲಿಯ ಮಾತನ್ನು ಜಿಲ್ಲೆಯ ಹೆಸರಿನೊಡನೆ ತಿಳಿಸಬೇಕೆಂದು ಕೋರುತ್ತೇನೆ.