ಯುದ್ಧವಿಮಾನದಲ್ಲಿ ಇನ್ನೂ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಯಾಕೆ?

ಪ್ರಶ್ನೆ: ಸರ್, ನೀವು ವಾಯುಪಡೆಯ ಬ್ಯಾಟರಿ ರೂಮಿನಲ್ಲಿ ಇದ್ದವರು ಅಲ್ವಾ? ನಮ್ಮ ಸ್ಕೂಟರಿಗೇ ಲಿಥಿಯಂ ಬಂದಿದೆ. ಎಷ್ಟೋ ಯುದ್ಧವಿಮಾನಗಳಲ್ಲಿ ಇನ್ನೂ ನಿಕಲ್-ಕ್ಯಾಡ್ಮಿಯಂ ಯಾಕೆ?

ಉತ್ತರ: ಎಂಜಿನ್ ತಿರುಗಿದ ಮೇಲೆ ಕರೆಂಟ್ ಕೊಡುವುದು ಜನರೇಟರ್. ಅದು ಕೈಕೊಟ್ಟರೆ ಇಳಿಯುವ ತನಕ ರೇಡಿಯೋ, ಮುಖ್ಯ ಮೀಟರ್‌ಗಳನ್ನು ನಡೆಸುವುದು ಬ್ಯಾಟರಿ. ಹಾಗಾಗಿ ತೂಕ ಸ್ವಲ್ಪ ಜಾಸ್ತಿಯಾದರೂ ನಂಬಿಕೆಯದ್ದೇ ಬೇಕು. ನಿಕಲ್-ಕ್ಯಾಡ್ಮಿಯಂ ಅಂಥದ್ದು. ಅದರ 1.2 ವೋಲ್ಟಿನ 20 ಸೆಲ್ ಸೇರಿಸಿದರೆ 24 ವೋಲ್ಟ್. ಚಳಿ ತಡೆಯುತ್ತದೆ, ಪೂರ್ತಿ ಖಾಲಿ ಮಾಡಿದರೂ ಕೆಡುವುದಿಲ್ಲ.

ಬಿಸಿಯಾದಾಗ ಇದೂ ಹಟ ಮಾಡುತ್ತದೆ. ಕಾದಷ್ಟೂ ಕರೆಂಟ್ ಎಳೆಯುತ್ತದೆ, ಎಳೆದಷ್ಟೂ ಕಾಯುತ್ತದೆ. ಆದರೆ ಲಿಥಿಯಂ ಒಳಗಿನ ದ್ರವವೇ ಹೊತ್ತಿಕೊಳ್ಳುವಂಥದ್ದು. 2013ರ ಜನವರಿಯಲ್ಲಿ ಬೋಸ್ಟನ್‌ನಲ್ಲಿ ನಿಂತಿದ್ದ ಬೋಯಿಂಗ್ 787 ಪ್ರಯಾಣಿಕ ವಿಮಾನದ ಲಿಥಿಯಂ ಬ್ಯಾಟರಿ ಹೊತ್ತಿಕೊಂಡಿತು. ಅದೇ ತಿಂಗಳು ಜಪಾನಿನಲ್ಲೂ ತೊಂದರೆಯಾಗಿ ಆ ಮಾದರಿಯ ವಿಮಾನಗಳೆಲ್ಲ ಕೆಲವು ತಿಂಗಳು ನೆಲ ಹಿಡಿದವು. ಆಮೇಲೆ ಬ್ಯಾಟರಿಗೆ ಸ್ಟೀಲ್ ಪೆಟ್ಟಿಗೆ, ಹೊಗೆ ಹೊರಹೋಗಲು ಪೈಪು ಬಂತು. ಇಂಧನ, ಆಯುಧ ಎಲ್ಲ ಒತ್ತಾಗಿರುವ ಫೈಟರಿನಲ್ಲಿ ಅಷ್ಟು ಜಾಗ ಹುಡುಕುವುದು ಸುಲಭವಲ್ಲ.

ಲಿಥಿಯಂ ಬಂದೇ ಇಲ್ಲ ಅಂತಲ್ಲ. ಅಮೆರಿಕದ ಎಫ್-35ರಲ್ಲಿ 270 ವೋಲ್ಟ್, 28 ವೋಲ್ಟ್ ಎರಡೂ ಲಿಥಿಯಂ-ಅಯಾನ್. ಹಳೆಯ ವಿಮಾನಕ್ಕೆ ಹಾಕಬೇಕಾದರೆ ಚಾರ್ಜಿಂಗ್, ಪರೀಕ್ಷೆ, ಮಂಜೂರಾತಿ ಎಲ್ಲ ಮತ್ತೆ ಮೊದಲಿಂದ. ನಮ್ಮ ಮಿಗ್-21ರದ್ದು ಇನ್ನೊಂದು ಕಥೆ, ಅದರಲ್ಲಿದ್ದುದು ಸಿಲ್ವರ್-ಜಿಂಕ್. ಹೌದು, ಬೆಳ್ಳಿಯೇ! ಹಗುರ, ಶಕ್ತಿ ಜಾಸ್ತಿ, ಆಯಸ್ಸು ಮಾತ್ರ ಕಡಿಮೆ.

ಪ್ರಶ್ನೆ: ಕಾರ್ ಬ್ಯಾಟರಿಯ ಹಾಗೆ ಈ ನಿಕಲ್-ಕ್ಯಾಡ್ಮಿಯಂಗೂ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡ್ತೀರಾ?

ಉತ್ತರ: ಉಪಯೋಗವಿಲ್ಲ. ಒಳಗಿರುವುದು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರ, ಆಸಿಡ್ ಅಲ್ಲ; ಚಾರ್ಜ್ ಇಳಿದರೂ ಅದರ ಸಾಂದ್ರತೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕಾರ್ ಬ್ಯಾಟರಿಯ ಆಸಿಡ್ ತಾಗಿದ ಹೈಡ್ರೋಮೀಟರನ್ನು ಆ ರೂಮಿಗೆ ತಂದರೆ ಬೈಗುಳ ಗ್ಯಾರಂಟಿ. ಒಂದು ಹನಿ ಆಸಿಡ್ ಬಿದ್ದರೂ ಸೆಲ್ ಹಾಳು. ನಾವು ಬ್ಯಾಟರಿಯ ಚಾರ್ಜ್ ಪೂರ್ತಿ ಇಳಿಸಿ, ಒಂದೊಂದು ಸೆಲ್ಲಿಗೂ ಕ್ಲಿಪ್ ಹಾಕಿ ಶಾರ್ಟ್ ಮಾಡಿ ರಾತ್ರಿಯಿಡೀ ಬಿಡುತ್ತಿದ್ದೆವು. ಆಗ ಎಲ್ಲ ಸೆಲ್ ಒಂದೇ ಮಟ್ಟಕ್ಕೆ ಬರುತ್ತವೆ. ಆಮೇಲೆ ಚಾರ್ಜ್. ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜಿನ ಕೊನೆಯಲ್ಲಿ ಮಾತ್ರ.

ಹೊಸದರಲ್ಲಿ ನಾನು ಮೊದಲೇ ಹಾಕಿಬಿಟ್ಟೆ, ಮಟ್ಟ ಕೆಳಗಿದೆಯಲ್ಲ ಅಂತ. ಖಾಲಿ ಸೆಲ್ಲಿನಲ್ಲಿ ಪ್ಲೇಟುಗಳು ದ್ರವ ಹೀರಿಕೊಂಡಿರುತ್ತವೆ, ಚಾರ್ಜ್ ಆದಾಗ ಬಿಟ್ಟುಕೊಡುತ್ತವೆ. ಎಲ್ಲ ಉಕ್ಕಿ ಹರಿಯಿತು. ಮಾರನೇ ದಿನ ಮುಚ್ಚಳದ ಸುತ್ತ ಉಪ್ಪಿನಂಥ ಬಿಳಿ ಪುಡಿ. ಸಾರ್ಜೆಂಟ್ ಒಂದು ಮಾತೂ ಆಡಲಿಲ್ಲ. ನೈಲಾನ್ ಬ್ರಶ್ ತಂದು ಕೈಗಿಟ್ಟು, "ಉಂಗುರ ಬಿಚ್ಚಿಟ್ಟು ಉಜ್ಜು" ಅಂದರು.