ಎಂಟಿಬಿ (ಮೌಂಟನ್ ಬೈಕ್) ಹ್ಯಾಂಡಲ್ ಎತ್ತರ ಮಾಡಬೇಕು: ಬಾರ್ ಬದಲಿಸೋದಾ, ಸ್ಟೆಮ್ ಬದಲಿಸೋದಾ?

ಗುಡ್ಡದದಾರಿ:
ನಮಸ್ಕಾರ. ನನ್ನದು 29 ಇಂಚಿನ ಚಕ್ರದ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರೋದು), ಸೆಕೆಂಡ್ ಹ್ಯಾಂಡ್. ಹ್ಯಾಂಡಲ್ ಸೀಟಿಗಿಂತ ಎರಡು ಇಂಚು ಕೆಳಗಿದೆ. ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆ ಹೊರಟರೆ ಅರ್ಧ ದಾರಿಗೇ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ, ಕತ್ತೂ ಬಿಗಿಯುತ್ತದೆ. ಈಗಿರೋದು ನೇರ ಬಾರ್, 720 ಮಿ.ಮೀ. ಅಂಗಡಿಯವರು ಎತ್ತರದ ಸ್ಟೆಮ್ (ಬಾರನ್ನು ಫೋರ್ಕ್‌ನ ಕೊಳವೆಗೆ ಜೋಡಿಸುವ ತುಂಡು) ಹಾಕಿಸಿ ಅಂತಾರೆ, ಗೆಳೆಯರು ರೈಸರ್ ಬಾರ್ (ನಡುವಿಗಿಂತ ಎರಡೂ ತುದಿ ಮೇಲೆದ್ದಿರೋದು) ಅಂತಾರೆ. ಎರಡನ್ನೂ ಕೊಳ್ಳೋಕೆ ಈಗ ಆಗಲ್ಲ.

ಚೈನ್‌ಗ್ರೀಸ್:
ಮೊದಲು ಖರ್ಚಿಲ್ಲದ ದಾರಿ ನೋಡಿ. ಸ್ಟೆಮ್ ಮೇಲೆ ಸ್ಪೇಸರ್ (ಎತ್ತರ ಹೊಂದಿಸೋ ಉಂಗುರ) ಇದೆಯಾ? ಸ್ಟೆಮ್‌ನ ಉದ್ದ, ಕೋನ ಅದರ ಪಕ್ಕದಲ್ಲೋ ಕೆಳಗೋ ಬರೆದಿರುತ್ತದೆ, ತಿಳಿಸಿ.

ಗುಡ್ಡದದಾರಿ:
ಮೇಲೆ 10 ಮಿ.ಮೀ. ಸ್ಪೇಸರ್ ಒಂದಿದೆ. ಸ್ಟೆಮ್ 90 ಮಿ.ಮೀ., 7 ಡಿಗ್ರಿ. ಮೂತಿ ಸ್ವಲ್ಪ ತಗ್ಗಿದ ಹಾಗೆ ಕಾಣುತ್ತೆ, ಅಕ್ಷರಗಳೂ ತಲೆಕೆಳಗಾಗಿವೆ.

ಚೈನ್‌ಗ್ರೀಸ್:
ಹಾಗಾದ್ರೆ ಹಿಂದಿನವರು ಬಗ್ಗಿ ಓಡಿಸೋಕೆ ಅಂತ ಉಲ್ಟಾ ಹಾಕಿಸಿದ್ದಾರೆ. ಅದನ್ನು ತಿರುಗಿಸಿ, ಸುಮಾರು 20 ಮಿ.ಮೀ. ಎತ್ತರ ಸಿಗುತ್ತದೆ. ಸ್ಪೇಸರ್ ಕೆಳಗೆ ಹಾಕಿದರೆ ಹತ್ತಿರ ಹತ್ತಿರ 30. ಜೋಡಿಸುವಾಗ ಮೊದಲು ಟಾಪ್ ಕ್ಯಾಪ್ (ಸ್ಟೆಮ್ ಮೇಲಿನ ಮುಚ್ಚಳ) ಬೋಲ್ಟನ್ನು ಹೆಡ್‌ಸೆಟ್‌ನ (ಹ್ಯಾಂಡಲ್ ತಿರುಗೋ ಬೇರಿಂಗ್‌ನ) ಅಲುಗಾಟ ಹೋಗುವಷ್ಟು ಮಾತ್ರ ಬಿಗಿ ಮಾಡಿ, ಆಮೇಲೆ ಸ್ಟೆಮ್ಮನ್ನು ಚಕ್ರಕ್ಕೆ ನೇರ ಹಿಡಿದು ಪಕ್ಕದ ಎರಡು ಬೋಲ್ಟ್ ಸಮವಾಗಿ ತಿರುಗಿಸಿ. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಸಾಕು, ಸ್ಟೆಮ್ ಮೇಲೆ ಏನು ಬರೆದಿದೆಯೋ ಅದೇ ಅಂತಿಮ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಇನ್ನೂ ಸಡಿಲ ಇದೆ ಅಂತ.

ಮಣ್ಣುರಸ್ತೆ:
ಎತ್ತರದ ಮಾತಷ್ಟೇ ಆಡಿದರೆ ಸಾಲದು. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬೀಳುತ್ತದೆ, ಹ್ಯಾಂಡಲ್ ಎಷ್ಟು ಎತ್ತಿದರೂ ಜೋಮು ಹೋಗಲ್ಲ. ಕಿರುಬೆರಳ ಕಡೆ ಹೋಗುವ ನರ ಅಂಗೈಯ ಆ ಅಂಚಿನಲ್ಲೇ ಒತ್ತಿಕೊಳ್ಳೋದು. ಮೊದಲು ಸೀಟು ಸಮ ಮಾಡಿ. ಬ್ರೇಕ್ ಲಿವರ್ ಹಿಡಿದಾಗ ಮಣಿಕಟ್ಟು ಮೇಲಕ್ಕೆ ಮುರಿಯದ ಹಾಗೆ, ಮುಂಗೈಗೆ ನೇರವಾಗಿ ಇರಲಿ.

ಇನ್ನು 90 ಸ್ಟೆಮ್ ಉದ್ದವೇ. ಈಗಿನ ಟ್ರೇಲ್ (ಕಾಡು, ಗುಡ್ಡದ ಕಾಲುದಾರಿಯ) ಸೈಕಲ್‌ಗಳಿಗೆ 35ರಿಂದ 60 ಬರುತ್ತೆ. ಆದರೆ ನಿಮ್ಮ ಫ್ರೇಮ್ ಆ ಉದ್ದಕ್ಕೆ ಮಾಡಿದ್ದು, ಒಮ್ಮೆಲೇ 40ಕ್ಕೆ ಇಳಿಸಬೇಡಿ. ಸ್ಟೆಮ್ ತೀರಾ ಗಿಡ್ಡವಾಗಿ ಹ್ಯಾಂಡಲ್ಲೂ ಎತ್ತರವಾದರೆ ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ದಾರಿ ಬಿಡುತ್ತದೆ.

ಗುಡ್ಡದದಾರಿ:
ಥ್ಯಾಂಕ್ಸ್ ಇಬ್ಬರಿಗೂ. ಇಷ್ಟಕ್ಕೂ ಸಾಲದಿದ್ದರೆ?

ಚೈನ್‌ಗ್ರೀಸ್:
ಆಗ ರೈಸರ್ ಬಾರ್ ತಗೊಳ್ಳಿ, 20ರಿಂದ 40 ಮಿ.ಮೀ. ರೈಸ್ ಇರೋದು. ನನ್ನ ಮಟ್ಟಿಗೆ ಸ್ಟೆಮ್‌ಗಿಂತ ಅದೇ ಒಳ್ಳೇದು. ಬಾರ್ ನಡುವಿನ ದಪ್ಪ 31.8 ಅಥವಾ 35 ಮಿ.ಮೀ. ಇರುತ್ತದೆ, ನಿಮ್ಮ ಸ್ಟೆಮ್‌ದು ಯಾವುದೋ ಅದೇ ಇರಬೇಕು. ಕೊಳ್ಳೋ ಮೊದಲು ಬ್ರೇಕ್ ಹೋಸ್, ಗೇರ್ ಕೇಬಲ್ ಎಟುಕುತ್ತಾ ನೋಡಿ, ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿಸಿದಾಗಲೂ ಎಳೆಯಬಾರದು.