ಬಾವಲಿ ಕಚ್ಚಿದ ಹಣ್ಣೋ, ಎಂಜಲು ಹಣ್ಣೋ? (ತುರ್ತು)

ಬದಿಯಡ್ಕದಿಂದ:
ನಾಳೆ ಬೆಳಿಗ್ಗೆ ಬೋರ್ಡು ಬರೆಯುವವರು ಬರುತ್ತಾರೆ. ಬಾವಲಿಯಿಂದ ಹರಡುವ ನಿಪಾ ಕಾಯಿಲೆಯ ಎಚ್ಚರಿಕೆ, ಮಲಯಾಳದ ಕೆಳಗೆ ಕನ್ನಡ. 'ವವ್ವಾಲ್ ಕಡಿಚ್ಚ ಪಳಂ' ಅಂತ ಇದ್ದದ್ದನ್ನು ಯಾರೋ 'ಬಾವಲಿ ಕಡಿದ ಹಣ್ಣು' ಮಾಡಿಟ್ಟಿದ್ದಾರೆ. ಓದಿದರೆ ಕತ್ತಿಯಲ್ಲಿ ಕಡಿದ ಹಾಗಿದೆ. ಕಚ್ಚಿದ ಸರಿಯೋ, ಚೀಪಿದ ಸರಿಯೋ? ಇನ್ನೊಂದು, ಅಟ್ಟದ ಸಣ್ಣದಕ್ಕೂ ಮರದಲ್ಲಿ ನೇತಾಡುವ ದೊಡ್ಡದಕ್ಕೂ ಬಾವಲಿ ಅಂತಲೇ ಸಾಕಾ? ಮಲಯಾಳದಲ್ಲಿ ಸಣ್ಣದಕ್ಕೆ ನರಿಚ್ಚೀರ್ ಅಂತ ಬೇರೆ ಹೆಸರಿದೆ.

ಮಂಜೇಶ್ವರದಿಂದ:
ಎರಡೂ ಅಲ್ಲ. 'ಎಂಜಲು' ಇರುವಾಗ ಯಾಕೆ ತಡಕಾಟ? ವೈರಸ್ ಇರುವುದು ಬಾವಲಿಯ ಜೊಲ್ಲಿನಲ್ಲಿ, ಮೂತ್ರದಲ್ಲಿ. ಹಲ್ಲಿನ ಗುರುತು ಹುಡುಕಿದರೆ ಸಾಲದು. ತೋಟದಲ್ಲಿ ಬೆಳಿಗ್ಗೆ ಹೆಕ್ಕುವ ಅಡಿಕೆ ನೋಡಿ ಮಾಷ್ಟ್ರೇ, ಸಿಪ್ಪೆ ಜಗಿದು ರಸ ಹೀರಿ, ನಾರುನಾರು ಮಾಡಿ ಬಿಟ್ಟಿರುತ್ತದೆ. ಅದು ಎಂಜಲಲ್ಲದೆ ಮತ್ತೇನು? ತಮಿಳು, ಮಲಯಾಳದ ಎಚ್ಚಿಲ್, ತೆಲುಗಿನ ಎಂಗಿಲಿ, ನಮ್ಮ ಎಂಜಲು, ಎಲ್ಲಕ್ಕೂ ಒಂದೇ ಬೇರು. ತಮಿಳಿನ ಎಞ್ಚು ಅಂದರೆ ಮಿಕ್ಕು ಉಳಿ. ಬಾವಲಿಯೂ ಸಾಲ ತಂದದ್ದಲ್ಲ. ಅಲ್ಲಿ ವಾವಲ್, ಇಲ್ಲಿ ವಕಾರ ಬಕಾರ ಆಗಿದೆ, ಅಷ್ಟೇ.

ಹೊಸೂರಿನಿಂದ:
ಎಂಜಲು ಮಡಿ ಮೈಲಿಗೆಯ ಮಾತು. ಯಾರ ಲೋಟ ಯಾರು ಮುಟ್ಟಬಾರದು ಅನ್ನುವವರಿಗೆ ಸರಿ, ಆರೋಗ್ಯದ ಬೋರ್ಡಿಗೆ ಬೇಡ. ಮೊದಲು ಆ 'ವೈರಸ್' ತೆಗೆಯಿರಿ. ವೈರಾಣು ಇದೆಯಲ್ಲ.

ಮಂಜೇಶ್ವರದಿಂದ:
ವೈರಾಣು ಯಾವ ಊರಿನ ಕನ್ನಡ ಸ್ವಾಮಿ? ವೈರಸ್ಸಿಗೇ ಸಂಸ್ಕೃತದ ಅಂಗಿ ತೊಡಿಸಿದ್ದು. ನಿಪಾ ಮಲೇಷ್ಯಾದ ಒಂದು ಹಳ್ಳಿಯ ಹೆಸರಿನಿಂದ ಬಂದದ್ದು, ಅದನ್ನೂ ತೆಗೆಯೋಣವಾ? 2018ರಲ್ಲಿ ಕಲ್ಲಿಕೋಟೆಯ ಪೇರಾಂಬ್ರದಲ್ಲಿ ಕಾಯಿಲೆ ಬಂದಾಗ ನಮ್ಮ ಅಜ್ಜಿಯೂ ವೈರಸ್ ಅಂತಲೇ ಹೇಳಿದ್ದು.

ಮುಳ್ಳೇರಿಯದಿಂದ:
ಜಗಳ ಆಮೇಲೆ ಆಡಿ. ಬರೀ ಬಾವಲಿ ಅಂತ ಬರೆದರೆ ಜನ ಅಟ್ಟಕ್ಕೆ ಹೊಗೆ ಹಾಕುತ್ತಾರೆ. ಅಲ್ಲಿರುವ ಸಣ್ಣವು ಹುಳ ಹುಪ್ಪಟೆ ತಿನ್ನುವಂಥವು. ನಮ್ಮ ಕಿವಿಗೆ ಕೇಳಿಸದ ಸದ್ದು ಹೊರಡಿಸಿ, ಅದರ ಮಾರ್ದನಿ ಹಿಡಿದು ಕತ್ತಲಲ್ಲಿ ಹಾರುತ್ತವೆ. ನಿಪಾಕ್ಕೆ ನೆಲೆಯಾಗಿರುವುದು ದೊಡ್ಡ ಹಣ್ಣುಬಾವಲಿ. ಅದಕ್ಕೆ ಮಾರ್ದನಿಯ ವಿದ್ಯೆ ಇಲ್ಲ. ಕಣ್ಣು, ಮೂಗು ಮಾತ್ರ ಬಹಳ ಚುರುಕು. 'ಕುರುಡು ಬಾವಲಿ' ಅಂತ ಎಲ್ಲಾದರೂ ಸೇರಿಸಿದ್ದರೆ ಹೊಡೆದುಹಾಕಿ. ಪ್ರತಿ ಹಣ್ಣುಬಾವಲಿಯಲ್ಲೂ ವೈರಸ್ ಇರುವುದಿಲ್ಲ, ಮರ ಕಡಿಯಲು ಹೊರಡುವವರಿಗೆ ಇದನ್ನೂ ಹೇಳಿ.

ಬದಿಯಡ್ಕದಿಂದ:
'ಹಣ್ಣುಬಾವಲಿ ಎಂಜಲು ಮಾಡಿದ ಹಣ್ಣು ತಿನ್ನಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ' ಅಂತ ಕೊಡುತ್ತೇನೆ. ವೈರಸ್ ಹಾಗೇ ಇರಲಿ. ಹಣ್ಣಿನ ಜೊತೆ 'ಅಡಿಕೆ' ಅಂತಲೂ ಸೇರಿಸಲಾ? ಹೆಕ್ಕುವವರು ಜಾಸ್ತಿ ಓದುವುದು ಅದನ್ನೇ ಅಲ್ವಾ?